ರದ್ದಿಗೆ ಸೇರದ ಸಂಚಿಕೆ: ಸುಸ್ಥಿರ ಮುದ್ರಣ ವಿನ್ಯಾಸದ ಕುರಿತು ಕೆಲವು ವಿಚಾರಗಳು

ನವೆಂಬರ್ ತಿಂಗಳು ಸಮೀಪಿಸುತ್ತಿದ್ದಂತೆ ಹೊರನಾಡಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಸಿದ್ಧತೆಗಳು ಆರಂಭವಾಗುತ್ತವೆ. ಸಭಾಂಗಣ, ಅತಿಥಿಗಳು, ಮಕ್ಕಳ ನೃತ್ಯ, ಊಟೋಪಚಾರ ಇವುಗಳ ಜೊತೆಗೆ ತಪ್ಪದೆ ನೆನಪಾಗುವ ಇನ್ನೊಂದು ಕಾರ್ಯವೆಂದರೆ ಸ್ಮರಣ ಸಂಚಿಕೆ. ಲೇಖನಗಳನ್ನು ಬೇಡಿ ತರಿಸುವುದು, ಜಾಹೀರಾತು ಸಂಗ್ರಹಿಸುವುದು, ಕರಡು ತಿದ್ದುವುದು, ಮುದ್ರಣಾಲಯಕ್ಕೆ ಅಲೆಯುವುದು ಹೀಗೆ ಹಲವರ ಹಲವು ವಾರಗಳ ಶ್ರಮ ಅದರ ಹಿಂದಿರುತ್ತದೆ. ಆದರೆ ಸಮಾರಂಭ ಮುಗಿದ ಕೆಲವೇ ತಿಂಗಳಲ್ಲಿ ಆ ಸಂಚಿಕೆಯ ಪ್ರತಿಗಳು ಹಳೆಯ ಪತ್ರಿಕೆಗಳ ಜೊತೆ ಸೇರಿ ರದ್ದಿಯವನ ತಕ್ಕಡಿಗೆ ಏರುವುದೂ ಅಷ್ಟೇ ನಿಜ. ಮರಾಠಿ ನೆಲದಲ್ಲಿ ನೆಲೆನಿಂತ ನಮಗೆ ಅಚ್ಚಾದ ಕನ್ನಡ ಸುಲಭವಾಗಿ ದೊರೆಯುವ ವಸ್ತುವಲ್ಲ. ಹಾಗಿದ್ದೂ ಅದು ರದ್ದಿಯಾಗುವುದೇಕೆ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಬಲ್ಲವರು ಇಂದು ನಮ್ಮ ಮನೆಗಳಲ್ಲಿಯೇ ಬೆಳೆಯುತ್ತಿದ್ದಾರೆ. ಪುಣೆ ವಿನ್ಯಾಸ ಶಿಕ್ಷಣದ ಒಂದು ಮುಖ್ಯ ಕೇಂದ್ರ. ಹಳೆಯದಾದ ಅಭಿನವ ಕಲಾ ಮಹಾವಿದ್ಯಾಲಯದ ಜೊತೆಗೆ 2004ರಲ್ಲಿ ಸಿಂಬಯಾಸಿಸ್ ವಿನ್ಯಾಸ ಸಂಸ್ಥೆ, 2006ರಲ್ಲಿ ಎಂಐಟಿ ವಿನ್ಯಾಸ ಸಂಸ್ಥೆ ಇಲ್ಲಿ ತಲೆಯೆತ್ತಿದವು. ಗ್ರಾಫಿಕ್ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ‘ಸುಸ್ಥಿರವಾದ ಮುದ್ರಿತ ಪ್ರಕಟಣೆಯೊಂದನ್ನು ರೂಪಿಸಿ’ ಎಂಬ ಅಭ್ಯಾಸವನ್ನು ಕೊಡುವುದು ಈಗ ಸಾಮಾನ್ಯ. ಅಂತಹ ವಿದ್ಯಾರ್ಥಿಗೆ ಸಂಘದ ಸಂಚಿಕೆಗಿಂತ ಉತ್ತಮವಾದ ವಸ್ತು ಬೇರೆಲ್ಲಿ ಸಿಕ್ಕೀತು? ಈ ಲೇಖನದಲ್ಲಿ ಸುಸ್ಥಿರ ಮುದ್ರಣವೆಂದರೇನು, ಅದರಲ್ಲಿ ವಿನ್ಯಾಸಕಾರನ ಪಾತ್ರವೇನು ಎಂಬುದನ್ನು ನಾವು ವಿವರಿಸಲು ಯತ್ನಿಸಿದ್ದೇವೆ.

ಮೊದಲಿಗೇ ಒಂದು ಮಾತು. ಸುಸ್ಥಿರತೆಯೆಂದರೆ ಮರುಬಳಕೆಯ ಕಾಗದದಲ್ಲಿ ಅಚ್ಚು ಹಾಕಿ, ಕೊನೆಯ ಪುಟದಲ್ಲಿ ಹಸಿರು ಎಲೆಯ ಚಿಹ್ನೆ ಮುದ್ರಿಸುವುದು ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವವಾಗಿ ಒಂದು ಪುಸ್ತಕ ಎಷ್ಟು ಕಾಗದ ನುಂಗುತ್ತದೆ, ಎಷ್ಟು ವರ್ಷ ಬಾಳುತ್ತದೆ, ಕೊನೆಗೆ ಮತ್ತೆ ಕಾಗದವಾಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ವಿನ್ಯಾಸದ ಮೊದಲ ದಿನವೇ ನಿರ್ಧಾರವಾಗಿಬಿಡುತ್ತದೆ. ಪ್ರತಿಗಳ ಸಂಖ್ಯೆ, ಪುಟದ ಅಳತೆ, ಅಕ್ಷರದ ಗಾತ್ರ, ಮುಖಪುಟದ ಬಗೆ ಈ ನಾಲ್ಕು ತೀರ್ಮಾನಗಳಲ್ಲಿಯೇ ಮುಕ್ಕಾಲು ಪಾಲು ಉತ್ತರ ಅಡಗಿದೆ.

ಹಿರಿಯರ ದಾರಿ

ಮಿತವ್ಯಯದ ಬರಹ ನಮ್ಮ ನಾಡಿಗೆ ಹೊಸತಲ್ಲ. ಕರ್ನಾಟಕದಲ್ಲಿ ಲೆಕ್ಕಪತ್ರಗಳನ್ನು ‘ಕಡತ’ಗಳಲ್ಲಿ ಬರೆದಿಡುವ ಪದ್ಧತಿಯಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ, ಮತ್ತೆ ಲೇಪ ಕೊಟ್ಟು ಬರೆಯಬಹುದಾಗಿತ್ತು. ಉಳಿಸಬೇಕೆಂದರೆ ಶತಮಾನಗಳ ಕಾಲ ಉಳಿಸಲೂಬಹುದಾಗಿತ್ತು; ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿವೆ. ಕಚೇರಿಯ ಫೈಲಿಗೆ ನಾವು ಇಂದು ಬಳಸುವ ‘ಕಡತ’ ಎಂಬ ಪದ ಅದರ ನೆನಪೇ ಆಗಿದೆ. ಅಳಿಸುವುದನ್ನು ಅಳಿಸುವಂತೆ, ಉಳಿಸುವುದನ್ನು ಉಳಿಯುವಂತೆ ಮಾಡುವ ಈ ವಿವೇಕವೇ ಸುಸ್ಥಿರ ವಿನ್ಯಾಸದ ಬೀಜ.

ನಾವು ನೆಲೆಸಿರುವ ಪುಣೆಗೂ ಕಾಗದದ ದೊಡ್ಡ ಚರಿತ್ರೆಯಿದೆ. ಕಸಬಾ ಪೇಠೆಯ ಕಾಗದಿಪುರ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಜುನ್ನರ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮುಸಲ್ಮಾನ ಕಾಗದಗಾರರು ಹಳೆಯ ಗೋಣಿತಟ್ಟು ಮತ್ತು ಚಿಂದಿಗಳನ್ನು ಕೊಳೆಯಿಸಿ, ಕುಟ್ಟಿ, ತೊಳೆದು, ಜರಡಿಯಲ್ಲಿ ಎತ್ತಿ ಹಾಳೆ ಮಾಡುತ್ತಿದ್ದರು. ಒಂದು ಬಾಳು ಬಾಳಿ ಮುಗಿದ ನಾರಿಗೆ ಎರಡನೆಯ ಬಾಳು ಕೊಡುವ ಕೆಲಸವದು. ಯಂತ್ರದ ಕಾಗದ ಅಗ್ಗವಾಗಿ ಬಂದಾಗ ಈ ಕಸುಬು ಸೊರಗಿತು.

ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಯತ್ನವೂ ಪುಣೆಯಲ್ಲಿಯೇ ನಡೆಯಿತು. ಗಾಂಧೀಜಿಯವರ ಗ್ರಾಮೋದ್ಯೋಗ ಚಳವಳಿಯಿಂದ ಪ್ರೇರಿತರಾದ ಕೆ. ಬಿ. ಜೋಶಿಯವರು 1940ರಲ್ಲಿ ಇಲ್ಲಿ ಕೈಕಾಗದ ಸಂಸ್ಥೆಯನ್ನು ಸ್ಥಾಪಿಸಿದರು. ಅದನ್ನು ಉದ್ಘಾಟಿಸಿದವರು ಜವಾಹರಲಾಲ್ ನೆಹರೂ. ಶಿವಾಜಿನಗರದಲ್ಲಿರುವ ಆ ಸಂಸ್ಥೆಯ ರಸ್ತೆಗೆ ಇಂದು ಜೋಶಿಯವರ ಹೆಸರೇ ಇದೆ. ಉಡುಪು ತಯಾರಿಕೆಯಲ್ಲಿ ಉಳಿಯುವ ಹತ್ತಿಬಟ್ಟೆಯ ತುಂಡುಗಳು ಕೈಕಾಗದದ ಮುಖ್ಯ ಕಚ್ಚಾವಸ್ತು. ಅವುಗಳನ್ನು ಸಣ್ಣದಾಗಿ ಕತ್ತರಿಸಿ, ನೀರಿನಲ್ಲಿ ಅರೆದು ತಿರುಳು ಮಾಡಿ, ಜಾಲರಿಯ ಚೌಕಟ್ಟಿನಲ್ಲಿ ಒಂದೊಂದೇ ಹಾಳೆಯಾಗಿ ಎತ್ತಿ, ಒತ್ತಿ ನೀರು ಹಿಂಡಿ, ತೂಗುಹಾಕಿ ಒಣಗಿಸುತ್ತಾರೆ. ಒಂದು ಮರವನ್ನೂ ಕಡಿಯದ ಕಾಗದವಿದು. ಹತ್ತಿಯ ನಾರು ಉದ್ದವೂ ಗಟ್ಟಿಯೂ ಆದುದರಿಂದ ಇಂತಹ ಹಾಳೆ ಬಹುಕಾಲ ಬಾಳುತ್ತದೆ. ವಿನ್ಯಾಸ ಕಲಿಯುವ ಮಕ್ಕಳು ಕಾಗದವನ್ನು ಅಂಗಡಿಯ ಮಾದರಿಪುಸ್ತಕದಲ್ಲಿ ಆರಿಸುವುದಕ್ಕಿಂತ ಮೊದಲು ಕೈಕಾಗದ ಹುಟ್ಟುವ ಬಗೆಯನ್ನು ಒಮ್ಮೆ ಕಣ್ಣಾರೆ ಕಂಡರೆ ಅವರ ಆಯ್ಕೆಯ ರೀತಿಯೇ ಬೇರೆಯಾದೀತು.

ಎಷ್ಟು ಪ್ರತಿಗಳು?

ಅತ್ಯಂತ ದುಂದಿನ ಕಾಗದವೆಂದರೆ ಯಾರೂ ಓದದ ಪ್ರತಿಯ ಕಾಗದ. ಆದುದರಿಂದ ವಿನ್ಯಾಸಕಾರ ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಅಕ್ಷರದ್ದಲ್ಲ. ಎಷ್ಟು ಜನ ಇದನ್ನು ಓದುತ್ತಾರೆ ಎಂಬುದು.

ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟು ಮಾಡುವ ಮತ್ತು ಯಂತ್ರವನ್ನು ಹೊಂದಿಸುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಪ್ರತಿಗಳು ಹೆಚ್ಚಿದಷ್ಟೂ ತಲಾ ವೆಚ್ಚ ಇಳಿಯುತ್ತದೆ. ‘ಇನ್ನು ಸ್ವಲ್ಪ ಕೊಟ್ಟರೆ ಐನೂರಕ್ಕೆ ಬದಲು ಸಾವಿರ ಬರುತ್ತದೆ’ ಎಂಬ ಮಾತಿಗೆ ಸಂಘಗಳ ಕಾರ್ಯಕಾರಿ ಸಮಿತಿಗಳು ಸೋಲುವುದು ಇಲ್ಲಿಯೇ. ಜಾಹೀರಾತುದಾರರಿಗೆ ದೊಡ್ಡ ಸಂಖ್ಯೆ ತೋರಿಸಬೇಕೆಂಬ ಒತ್ತಡವೂ ಇದಕ್ಕೆ ಸೇರಿಕೊಳ್ಳುತ್ತದೆ. ಹೀಗೆ ಉಳಿದ ಕಟ್ಟುಗಳು ಸಂಘದ ಕಪಾಟಿನಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತವೆ.

ಈ ವಿಷಯದಲ್ಲಿ 1933ನೆಯ ವರ್ಷದ ಎರಡು ಉದಾಹರಣೆಗಳು ಗಮನಾರ್ಹ. ಆ ವರ್ಷದ ಫೆಬ್ರವರಿ 11ರಂದು ಇದೇ ಪುಣೆಯಿಂದ ‘ಹರಿಜನ’ ಆಂಗ್ಲ ವಾರಪತ್ರಿಕೆ ಹೊರಬಂದಿತು. ಗಾಂಧೀಜಿಯವರು ಆಗ ಯರವಡಾ ಸೆರೆಮನೆಯಲ್ಲಿದ್ದರು, ಆರ್. ವಿ. ಶಾಸ್ತ್ರಿಗಳು ಸಂಪಾದಕರು. ಜಾಹೀರಾತುಗಳ ಹಂಗಿಲ್ಲದೆ, ಚಂದಾದಾರರ ಬಲದಿಂದಲೇ ಪತ್ರಿಕೆ ತನ್ನ ಖರ್ಚನ್ನು ತೂಗಿಸಿಕೊಳ್ಳಬೇಕು ಎಂಬುದು ಗಾಂಧೀಜಿಯವರ ನಿಲುವಾಗಿತ್ತು. ಓದುಗರಿಗೆ ಬೇಡವಾದ ಪತ್ರಿಕೆಯನ್ನು ನಷ್ಟದಲ್ಲಿ ನಡೆಸುವುದು ಅವರಿಗೆ ಸಮ್ಮತವಿರಲಿಲ್ಲ. ಅದೇ 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಓದುಗರು ಮುಂಗಡವಾಗಿ ಚಂದಾ ಕೊಡುವುದು, ಅವರಿಗಾಗಿ ಪುಸ್ತಕಗಳನ್ನು ಹೊರತರುವುದು ಇದು ಅದರ ಕ್ರಮ. ಕನ್ನಡದ ಎಷ್ಟೋ ಶ್ರೇಷ್ಠ ಕೃತಿಗಳು ಈ ಮಾರ್ಗದಿಂದಲೇ ಮನೆಮನೆ ಸೇರಿದವು.

ಇವೆರಡರಿಂದಲೂ ನಾವು ಕಲಿಯಬೇಕಾದದ್ದು ಒಂದೇ: ಓದುಗನ ಹೆಸರು ಮೊದಲು, ಪ್ರತಿ ಆಮೇಲೆ. ಸಂಘದ ಸದಸ್ಯ ಕುಟುಂಬಗಳಿಂದ ಒಂದು ತಿಂಗಳು ಮೊದಲೇ ಬೇಡಿಕೆ ಪಡೆದು, ಮನೆಗೊಂದು ಪ್ರತಿಯೆಂದು ಎಣಿಸಿ, ಗ್ರಂಥಾಲಯ ಮತ್ತು ಅತಿಥಿಗಳಿಗಾಗಿ ಸ್ವಲ್ಪ ಸೇರಿಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ. ಅದು ಇನ್ನೂರು ಮುನ್ನೂರರಷ್ಟೇ ಆದರೆ ಪ್ಲೇಟಿನ ಅಗತ್ಯವಿಲ್ಲದ ಡಿಜಿಟಲ್ ಮುದ್ರಣ ಸಾಕಾಗಬಹುದು. ತಲಾ ವೆಚ್ಚ ಹೆಚ್ಚೆನಿಸಿದರೂ ಒಟ್ಟು ವೆಚ್ಚವನ್ನು ನೋಡಿ ತೀರ್ಮಾನಿಸಬೇಕು. ಉಳಿಯುವ ಪ್ರತಿಗಳ ಬೆಲೆಯನ್ನೂ ನಾವೇ ಕೊಟ್ಟಿರುತ್ತೇವೆ ಎಂಬುದನ್ನು ಮರೆಯಬಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚು

ಎರಡನೆಯ ತೀರ್ಮಾನ ಪುಟದ ಅಳತೆ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ‘ಡೆಮಿ 1/8’, ‘ಕ್ರೌನ್ 1/4’ ಎಂದು ಅಚ್ಚಾಗಿರುವುದನ್ನು ಓದುಗರು ಕಂಡಿರಬಹುದು. ಕಾರ್ಖಾನೆಯಿಂದ ಬರುವ ದೊಡ್ಡ ಹಾಳೆಯನ್ನು ಎಷ್ಟು ಮಡಿಕೆ ಮಾಡಿದಾಗ ಈ ಪುಟ ದೊರೆಯಿತು ಎಂಬುದರ ಸೂಚನೆ ಅದು. ನಮ್ಮ ದೇಶದ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಹಾಳೆಗಳಲ್ಲಿ 20×30, 23×36, 25×36 ಅಂಗುಲದವು ಮುಖ್ಯ. ಪುಸ್ತಕದ ಅಳತೆ ಈ ಹಾಳೆಯೊಳಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಉಳಿದ ಅಂಚು ಕತ್ತರಿಯ ಪಾಲು.

ಒಂದು ಲೆಕ್ಕವನ್ನು ನೋಡೋಣ. 64 ಪುಟಗಳ ಸಂಚಿಕೆ, ಸಾವಿರ ಪ್ರತಿ, 23×36 ಅಂಗುಲದ ಹಾಳೆ, 70 ಜಿಎಸ್‌ಎಂ ಕಾಗದ ಎಂದಿಟ್ಟುಕೊಳ್ಳಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಅಳತೆ. ಇಂತಹ 500 ಹಾಳೆಗಳ ಒಂದು ರೀಮು ಸುಮಾರು 18.7 ಕಿಲೋ ತೂಗುತ್ತದೆ.

ಸಂಚಿಕೆಯನ್ನು ಡೆಮಿ 1/8, ಅಂದರೆ ಸುಮಾರು 5.5×8.5 ಅಂಗುಲದಲ್ಲಿ ರೂಪಿಸಿದರೆ ಒಂದು ಹಾಳೆಯಲ್ಲಿ 16 ಎಲೆಗಳು, ಅಂದರೆ 32 ಪುಟಗಳು ಸಿಗುತ್ತವೆ. ಪ್ರತಿಯೊಂದಕ್ಕೆ ಎರಡು ಹಾಳೆ. ಒಟ್ಟು ನಾಲ್ಕು ರೀಮು, ಸುಮಾರು 75 ಕಿಲೋ ಕಾಗದ. ಸ್ಮರಣ ಸಂಚಿಕೆಗಳಿಗೆ ರೂಢಿಯಾಗಿರುವ 8.5×11 ಅಂಗುಲದ ದೊಡ್ಡ ಅಳತೆಯಾದರೆ ಹಾಳೆಗೆ 16 ಪುಟ ಮಾತ್ರ. ಕಾಗದ ಇಮ್ಮಡಿ, ಸುಮಾರು 150 ಕಿಲೋ. ಇನ್ನು ವಿದ್ಯಾರ್ಥಿಗಳಿಗೆ ಬಹುಪ್ರಿಯವಾದ 8×8 ಅಂಗುಲದ ಚೌಕ ಪುಸ್ತಕವನ್ನು ಪರಿಶೀಲಿಸೋಣ. ಅದು ನೋಡಲು ಚಿಕ್ಕದು. ಆದರೆ ಇದೇ ಹಾಳೆಯಲ್ಲಿ ಅದಕ್ಕೂ 16 ಪುಟಗಳಷ್ಟೇ ಹಿಡಿಯುತ್ತವೆ! ದೊಡ್ಡ ಅಳತೆಯ ಸಂಚಿಕೆಗೆ ಬೇಕಾದಷ್ಟೇ ಕಾಗದವನ್ನು ಕೊಂಡು, ಅದರಲ್ಲಿ ಶೇಕಡಾ 38ರಷ್ಟನ್ನು, ಅಂದರೆ ಸುಮಾರು 57 ಕಿಲೋವನ್ನು ಕತ್ತರಿಸಿ ಬಿಸಾಡಿದಂತಾಗುತ್ತದೆ. ಚೌಕವನ್ನು ಒಂದು ಅಂಗುಲ ಇಳಿಸಿ 7×7 ಮಾಡಿದರೆ ಹಾಳೆಗೆ ಹೆಚ್ಚು ಎಲೆಗಳು ಕೂರುತ್ತವೆ. ವ್ಯರ್ಥವಾಗುವ ಪಾಲು ಇಳಿಯುತ್ತದೆ.

ಈ ಅಂಕಿಗಳಲ್ಲಿ ಯಾವ ರಹಸ್ಯವೂ ಇಲ್ಲ. ಅನುಭವಿ ಮುದ್ರಕರಿಗೆ ಇವು ಬಾಯಿಪಾಠ. ಆದರೆ ಗಣಕಯಂತ್ರದ ಪರದೆಯ ಮೇಲೆ ಪುಟ ಕಟ್ಟುವ ವಿದ್ಯಾರ್ಥಿಗೆ ಹಾಳೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕಾಗಿ ಮೊದಲ ಗೆರೆ ಎಳೆಯುವ ಮುನ್ನ ಮುದ್ರಣಾಲಯಕ್ಕೆ ಹೋಗಿ, ಅಲ್ಲಿರುವ ಯಂತ್ರದ ಅಳತೆ ಮತ್ತು ಕಾಗದದ ಅಳತೆಗಳನ್ನು ಕೇಳಿ ಬರೆದುಕೊಳ್ಳಬೇಕು. ಒಂದು ಹಾಳೆಯನ್ನು ಮಡಚಿ, ಪುಟಸಂಖ್ಯೆ ಬರೆದು, ಬಿಚ್ಚಿ ನೋಡಿದರೆ ಪುಸ್ತಕದ ರಚನೆ ಅರ್ಥವಾಗುತ್ತದೆ. ಪುಟಗಳು 16ರ ಗುಣಕದಲ್ಲಿರುವಂತೆ ನೋಡಿಕೊಂಡರೆ ಖಾಲಿ ಪುಟಗಳೂ ಉಳಿಯುವುದಿಲ್ಲ.

ಕನ್ನಡ ಅಕ್ಷರದ ಜಾಗ

ಮೂರನೆಯದು ಅಕ್ಷರ. ಆಂಗ್ಲ ಪುಸ್ತಕಗಳಿಂದ ಕಲಿತ ನಿಯಮಗಳು ಇಲ್ಲಿ ಕೆಲಸಕ್ಕೆ ಬಾರವು. ಕನ್ನಡ ಲಿಪಿ ಮೇಲಕ್ಕೂ ಕೆಳಕ್ಕೂ ಬೆಳೆಯುವ ಲಿಪಿ. ‘ಕೀರ್ತಿ’, ‘ಸಿರಿ’ ಎಂಬಲ್ಲಿ ಗುಡಿಸು ಮೇಲೇರುತ್ತದೆ. ‘ರಾಷ್ಟ್ರ’, ‘ಶಾಸ್ತ್ರ’ ಎಂಬಲ್ಲಿ ಒತ್ತಕ್ಷರಗಳು ಗೆರೆಯಿಂದ ಬಹು ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಸಾಕಷ್ಟು ಅಂತರವಿಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಡೆಮಿ 1/8 ಪುಟದಲ್ಲಿ ಬರಹದ ಎತ್ತರ 7 ಅಂಗುಲ, ಅಂದರೆ 504 ಪಾಯಿಂಟ್ ಎನ್ನೋಣ. ಅಕ್ಷರ 12 ಪಾಯಿಂಟ್, ಸಾಲಿನಿಂದ ಸಾಲಿಗೆ 18 ಪಾಯಿಂಟ್ ಇಟ್ಟರೆ ಪುಟಕ್ಕೆ 28 ಸಾಲು ಬರುತ್ತವೆ. ಅಂತರವನ್ನು 21ಕ್ಕೆ ಏರಿಸಿದರೆ 24 ಸಾಲು. ಮೊದಲ ಕ್ರಮದಲ್ಲಿ ಸರಿಯಾಗಿ 64 ಪುಟ ತುಂಬುವ ಬರಹ ಎರಡನೆಯದರಲ್ಲಿ 75 ಪುಟವಾಗುತ್ತದೆ. 16ರ ಗುಣಕಕ್ಕೆ ಏರಿಸಿದರೆ 80 ಪುಟ. ಅಂದರೆ ಕಾಗದ ಕಾಲುಭಾಗ ಹೆಚ್ಚು. ಮೂರು ಪಾಯಿಂಟು ಎಂದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ.

ಹಾಗೆಂದು ಅಂತರವನ್ನು ಕುಗ್ಗಿಸುತ್ತ ಹೋಗುವುದು ಜಾಣತನವಲ್ಲ. ನಮ್ಮ ಸಂಚಿಕೆಗಳನ್ನು ಅಕ್ಷರಶಃ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಮನೆಯ ಹಿರಿಯರು. ಅಕ್ಷರ ಸಣ್ಣದಾಗಿ, ಸಾಲುಗಳು ಒತ್ತೊತ್ತಾಗಿ, ಬಣ್ಣದ ಹಿನ್ನೆಲೆಯ ಮೇಲೆ ಅಚ್ಚಾದರೆ ಅವರು ಕನ್ನಡಕ ತೆಗೆದು ಸಂಚಿಕೆಯನ್ನು ಪಕ್ಕಕ್ಕಿಡುತ್ತಾರೆ. ಇನ್ನೊಂದು ತುದಿಯಲ್ಲಿ, ಶಾಲೆಯಲ್ಲಿ ದೇವನಾಗರಿಯನ್ನೂ ಆಂಗ್ಲವನ್ನೂ ಕಲಿತು ಮನೆಯಲ್ಲಿ ಮಾತ್ರ ಕನ್ನಡ ಕಾಣುವ ಮಕ್ಕಳಿದ್ದಾರೆ. ಒತ್ತಕ್ಷರ ಸ್ಪಷ್ಟವಾಗಿ ಕಾಣದಿದ್ದರೆ ಅವರ ಓದು ಅಲ್ಲಿಯೇ ನಿಲ್ಲುತ್ತದೆ. ಓದಲಾಗದ ಪುಟದಿಂದ ಉಳಿಸಿದ ಕಾಗದ ಉಳಿತಾಯವೇ ಅಲ್ಲ. ಅಕ್ಷರ ಸ್ಪಷ್ಟವಾಗಿರಲಿ, ಅಂತರ ಹದವಾಗಿರಲಿ; ಪುಟ ಹೆಚ್ಚಾಯಿತೆನಿಸಿದರೆ ಬರಹವನ್ನು ಸಂಪಾದಿಸಬೇಕು. ಶುಭಾಶಯ ಸಂದೇಶಗಳು ಹತ್ತು ಪುಟ ತುಂಬುವ ಬದಲು ಒಂದು ಪುಟದಲ್ಲಿ ಅಡಕವಾದರೆ ಯಾರಿಗೂ ನಷ್ಟವಿಲ್ಲ.

ಕನ್ನಡದ ಪದಗಳು ಸಂಧಿ ಸಮಾಸಗಳಿಂದ ಉದ್ದವಾಗುವುದರಿಂದ ಕಿರಿದಾದ ಎರಡು ಮೂರು ಅಂಕಣಗಳಲ್ಲಿ ಪದಗಳ ನಡುವೆ ಕಂದಕಗಳು ಬೀಳುತ್ತವೆ. ಸಣ್ಣ ಪುಟಕ್ಕೆ ಒಂದೇ ಅಂಕಣ ಮೇಲು. ಪದವನ್ನು ಒಡೆಯಲೇಬೇಕಾದರೆ ಪೂರ್ಣಾಕ್ಷರದ ನಂತರ ಒಡೆಯಬೇಕೇ ಹೊರತು ಸಂಯುಕ್ತಾಕ್ಷರದ ನಡುವೆ ಅಲ್ಲ.

ಕಾಗದ ಎಲ್ಲಿಂದ ಬರುತ್ತದೆ?

ಇನ್ನು ಕಾಗದದ ಆಯ್ಕೆ. ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿ ಉತ್ಪಾದನೆ ನಿಂತು ವರ್ಷಗಳೇ ಉರುಳಿವೆ. 1955ರಲ್ಲಿ ದಾಂಡೇಲಿಯ ಕಾಳಿ ನದಿಯ ದಡದಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಬಂದಿತು. ಆರಂಭದಲ್ಲಿ ಅದಕ್ಕೆ ಉತ್ತರ ಕನ್ನಡದ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ದೊರೆಯುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಎಷ್ಟೋ ಪಟ್ಟು ಹೆಚ್ಚು ಬೆಲೆ ತೆರುತ್ತಿದ್ದರು. ಅಷ್ಟು ಅಗ್ಗವಾಗಿ ದೊರೆತ ವಸ್ತುವನ್ನು ಜೋಪಾನ ಮಾಡುವವರಾರು?

ಬಿದಿರು ಬರಿದಾಗುತ್ತ ಬಂದಾಗ, ಪುಣೆಯಲ್ಲಿ ಹುಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಇದರ ಕಾರಣವನ್ನು ಅಧ್ಯಯನ ಮಾಡಿದರು. ಬಿದಿರು ಮೆಳೆಯ ಬುಡದಲ್ಲಿರುವ ಮುಳ್ಳಿನ ಹೊದಿಕೆಯನ್ನು ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂದು ಭಾವಿಸಿ ಅದನ್ನು ಸವರಲಾಗುತ್ತಿತ್ತು. ಆದರೆ ಎಳೆಯ ಕಳಲೆಯನ್ನು ದನಕರು ಮತ್ತು ಕಾಡುಪ್ರಾಣಿಗಳ ಬಾಯಿಯಿಂದ ಕಾಯುತ್ತಿದ್ದುದು ಆ ಮುಳ್ಳೇ ಎಂಬುದು ಹಳ್ಳಿಗರಿಗೆ ತಿಳಿದಿತ್ತು. ಅಧ್ಯಯನವೂ ಅದನ್ನೇ ದೃಢಪಡಿಸಿತು. ಕಾಗದವನ್ನು ಅಗ್ಗದ ವಸ್ತುವೆಂದು ಭಾವಿಸಿದಾಗ ಕಾಡಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಡ. ಇಂದು ನಮ್ಮ ಕಾರ್ಖಾನೆಗಳು ಹೆಚ್ಚಾಗಿ ರೈತರು ಬೆಳೆದ ನೀಲಗಿರಿ, ಸುಬಾಬುಲ್, ಗಾಳಿಮರಗಳನ್ನು ಅವಲಂಬಿಸಿವೆ.

ವಿದ್ಯಾರ್ಥಿಯ ಮುಂದೆ ಸಾಮಾನ್ಯವಾಗಿ ನಾಲ್ಕು ಆಯ್ಕೆಗಳಿರುತ್ತವೆ. ಮ್ಯಾಪ್‌ಲಿಥೋ ಸಾದಾ ಕಾಗದ, ಹೊಳಪಿನ ಆರ್ಟ್ ಪೇಪರ್, ಮರುಬಳಕೆಯ ಕಾಗದ, ಕೈಕಾಗದ. ಬರಹವೇ ಪ್ರಧಾನವಾದ ಸಂಚಿಕೆಗೆ 70 ಜಿಎಸ್‌ಎಂ ಸಾದಾ ಕಾಗದ ಧಾರಾಳವಾಗಿ ಸಾಕು, ಕಣ್ಣಿಗೂ ಹಿತ. 130 ಜಿಎಸ್‌ಎಂ ಆರ್ಟ್ ಪೇಪರ್ ಬಳಸಿದರೆ ನಾವು ಮೇಲೆ ಲೆಕ್ಕ ಹಾಕಿದ ದೊಡ್ಡ ಅಳತೆಯ ಸಂಚಿಕೆಯ ತೂಕ 150 ಕಿಲೋದಿಂದ ಸುಮಾರು 278 ಕಿಲೋಗೆ ಏರುತ್ತದೆ. ಅದರ ಹೊಳಪಿನಲ್ಲಿ ದೀಪದ ಬೆಳಕು ಪ್ರತಿಫಲಿಸಿ ಓದುವುದೂ ಕಷ್ಟ. ಮರುಬಳಕೆಯ ಕಾಗದ ಒಳ್ಳೆಯದು, ಆದರೆ ಪ್ರತಿ ಸಲ ತಿರುಳಾದಾಗಲೂ ನಾರು ಗಿಡ್ಡವಾಗುತ್ತದೆ. ಹೊಸ ನಾರನ್ನು ಸೇರಿಸದೆ ಈ ಚಕ್ರ ಅನಂತವಾಗಿ ತಿರುಗದು. ಕೈಕಾಗದ ದುಬಾರಿ; ಹಾಳೆಯಿಂದ ಹಾಳೆಗೆ ದಪ್ಪ ತುಸು ಬದಲಾಗುವುದರಿಂದ ವೇಗದ ಆಫ್‌ಸೆಟ್ ಯಂತ್ರಕ್ಕೆ ಒಗ್ಗುವುದಿಲ್ಲ. ಆದರೆ ಮುಖಪುಟಕ್ಕೆ ಕೈಕಾಗದ ಬಳಸಿ, ಒಂದೇ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿದರೆ ಅದರ ಶೋಭೆಯೇ ಬೇರೆ.

ಮುಖಪುಟ ಮತ್ತು ಕಾಗದ ಆಯುವ ಕೈಗಳು

ನಾಲ್ಕನೆಯ ತೀರ್ಮಾನ ಮುಖಪುಟದ್ದು. ಅದನ್ನು ಪುಣೆಯ ಕಸ ಆಯುವ ಕಷ್ಟಜೀವಿಗಳ ಕಣ್ಣಿನಿಂದ ನೋಡುವುದು ಉಚಿತ. 1993ರಲ್ಲಿ ಈ ನಗರದಲ್ಲಿ ಅವರ ಸಂಘಟನೆ ಹುಟ್ಟಿತು: ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್. ಕಾಗದ, ಗಾಜು, ತಗಡುಗಳನ್ನು ಆಯ್ದು ಬದುಕುವವರ ಪಂಚಾಯಿತಿ ಎಂದು ಇದರ ಅರ್ಥ. ಇದೇ ಬಳಗದಿಂದ 2008ರಲ್ಲಿ ‘ಸ್ವಚ್ಛ್’ ಎಂಬ ಸಹಕಾರಿ ಸಂಸ್ಥೆ ರೂಪುಗೊಂಡು ಮನೆಮನೆಯ ಕಸ ಸಂಗ್ರಹಣೆಯನ್ನು ಕೈಗೆತ್ತಿಕೊಂಡಿತು. ಇದರ ಸದಸ್ಯರಲ್ಲಿ ಬಹುಪಾಲು ಮಹಿಳೆಯರು. ಅವರು ಕಾಗದವನ್ನು ಬಗೆಬಗೆಯಾಗಿ ಬೇರ್ಪಡಿಸುತ್ತಾರೆ, ಬಗೆಗೊಂದು ಬೆಲೆ.

ಮುಖಪುಟದ ಮೇಲೆ ಪ್ಲಾಸ್ಟಿಕ್ ಪದರದ ಲ್ಯಾಮಿನೇಷನ್ ಮಾಡಿಸಿದರೆ ಅದು ಕಾಗದವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ತಿರುಳು ಮಾಡುವ ತೊಟ್ಟಿಯಲ್ಲಿ ಆ ಪದರ ಕರಗದೆ ಉಳಿಯುತ್ತದೆ. ಆಯುವವರಿಗೆ ಅದರಿಂದ ದೊರೆಯುವುದು ಅಲ್ಪ, ಇಲ್ಲವೇ ಏನೂ ಇಲ್ಲ. ಬೆನ್ನಿಗೆ ಸುರಿಯುವ ಬಿಸಿ ಅಂಟೂ ಮರುಬಳಕೆಯಲ್ಲಿ ಅಂಟಂಟಾದ ಕಣಗಳಾಗಿ ತೊಡಕುಂಟುಮಾಡುತ್ತದೆ. ಕೆಲವು ವರ್ಷಗಳಲ್ಲಿ ಒಣಗಿ ಪುಟಗಳು ಉದುರುವುದೂ ಉಂಟು. 64 ಪುಟದ ಸಂಚಿಕೆಗೆ ನಡುವೆ ಎರಡು ಪಿನ್ನು ಸಾಕು. ದಪ್ಪವಾದರೆ ದಾರದ ಹೊಲಿಗೆ ಶ್ರೇಷ್ಠ: ಪುಸ್ತಕ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ದೀರ್ಘಕಾಲ ಬಾಳುತ್ತದೆ. ಮುಖಪುಟಕ್ಕೆ ಸಾದಾ ಗಟ್ಟಿ ಕಾಗದ, ಅಗತ್ಯವೆನಿಸಿದರೆ ನೀರಿನ ಆಧಾರದ ವಾರ್ನಿಷ್ ಸಾಕಾಗುತ್ತದೆ.

ಶಾಯಿಯ ವಿಷಯದಲ್ಲಿಯೂ ವಿವೇಚನೆ ಬೇಕು. ಖನಿಜ ತೈಲದ ಬದಲು ಸೋಯಾ ಮುಂತಾದ ಸಸ್ಯತೈಲದ ಶಾಯಿ ಈಗ ದೊರೆಯುತ್ತದೆ; 1987ರಲ್ಲಿ ಅಮೆರಿಕದ ಐಯೋವಾ ರಾಜ್ಯದ ‘ಗೆಜೆಟ್’ ದಿನಪತ್ರಿಕೆ ಸೋಯಾ ಶಾಯಿಯನ್ನು ಮೊದಲು ಬಳಸಿತು. ಆದರೆ ಯಾವ ಶಾಯಿಯೆಂಬುದಕ್ಕಿಂತ ಎಷ್ಟು ಶಾಯಿಯೆಂಬುದು ವಿನ್ಯಾಸಕಾರನ ಕೈಯಲ್ಲಿದೆ. ಪುಟಪೂರ್ತಿ ಗಾಢ ಬಣ್ಣ ಬಳಿಯುವ ವಿನ್ಯಾಸ ಶಾಯಿಯನ್ನೂ ಕುಡಿಯುತ್ತದೆ, ಅಂಚು ಕತ್ತರಿಸಲು ಹೆಚ್ಚುವರಿ ಕಾಗದವನ್ನೂ ಬೇಡುತ್ತದೆ.

ಇಲ್ಲಿ ಒಂದು ಪ್ರಾಮಾಣಿಕ ತೊಡಕಿದೆ. ಸ್ಮರಣ ಸಂಚಿಕೆಗಳು ನಡೆಯುವುದೇ ಜಾಹೀರಾತುಗಳಿಂದ. ಹಣ ಕೊಡುವವರು ಬಣ್ಣ ಮತ್ತು ಹೊಳಪನ್ನು ನಿರೀಕ್ಷಿಸುವುದು ಸಹಜ. ಇದಕ್ಕೆ ವಿನ್ಯಾಸದಲ್ಲಿಯೇ ಪರಿಹಾರವಿದೆ. ಬಣ್ಣದ ಜಾಹೀರಾತುಗಳನ್ನೂ ಛಾಯಾಚಿತ್ರಗಳನ್ನೂ ಒಂದೇ ಫಾರಮ್ಮಿನಲ್ಲಿ, ಅಂದರೆ ಒಟ್ಟಿಗೆ ಮಡಚುವ 16 ಪುಟಗಳಲ್ಲಿ ಸೇರಿಸಿ ಅದನ್ನು ಮಾತ್ರ ನಾಲ್ಕು ಬಣ್ಣದಲ್ಲಿ ಮುದ್ರಿಸುವುದು. ಉಳಿದ 48 ಪುಟಗಳ ಬರಹ ಒಂದೇ ಬಣ್ಣದಲ್ಲಿ ಬರುವುದು. ಜಾಹೀರಾತುದಾರರಿಗೂ ಸಂತೋಷ, ಬರಹಕ್ಕೂ ಗೌರವ, ಖರ್ಚೂ ಹಿಡಿತದಲ್ಲಿ.

ಅಚ್ಚಾದ ಮೇಲಿನ ಬದುಕು

ಬರಹವೂ ಸುಸ್ಥಿರವಾಗಬೇಕು. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಅನೇಕ ಸಂಚಿಕೆಗಳ ಕಡತಗಳು ಇಂದು ಬೇರೆ ಗಣಕಗಳಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಈಗ ಯೂನಿಕೋಡ್ ಅಕ್ಷರಗಳಲ್ಲಿ ಜೋಡಿಸಿ ಅಚ್ಚಿಗೆ ಕಳುಹಿಸಲು ಅಡ್ಡಿಯಿಲ್ಲ. ಇನ್‌ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ತಕ್ಕ ಸಂಯೋಜಕವನ್ನು ಆರಿಸಿಕೊಳ್ಳಬೇಕು. ಉಚಿತವಾಗಿ ದೊರೆಯುವ ಸ್ಕ್ರೈಬಸ್ ಕೂಡ 2017ರ ಆವೃತ್ತಿಯಿಂದ ಸಂಕೀರ್ಣ ಲಿಪಿಗಳನ್ನು ಬಲ್ಲದು. ನೋಟೋ ಸೆರಿಫ್ ಕನ್ನಡದಂತಹ ಮುಕ್ತ ಅಕ್ಷರಗಳಿವೆ. ಹೀಗೆ ಮಾಡಿದರೆ ಹತ್ತು ವರ್ಷಗಳ ನಂತರವೂ ಒಂದು ಲೇಖನವನ್ನು ಹುಡುಕಿ ಮತ್ತೆ ಬಳಸಬಹುದು. ಪ್ರತಿ ಬೇಡವೆನ್ನುವವರಿಗೆ ಪಿಡಿಎಫ್ ಕಳುಹಿಸಬಹುದು. ಅಷ್ಟರಮಟ್ಟಿಗೆ ಅಚ್ಚು ಕಡಿಮೆಯಾಗುತ್ತದೆ.

ಸಂಚಿಕೆಗೆ ಒಂದು ವಿಳಾಸವೂ ಬೇಕು. 1954ರ ಪುಸ್ತಕ ಸಮರ್ಪಣಾ ಕಾಯಿದೆಯಂತೆ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈ, ಮುಂಬಯಿ ಮತ್ತು ದೆಹಲಿಯ ನಿಯೋಜಿತ ಗ್ರಂಥಾಲಯಗಳಿಗೆ ಪ್ರತಿಗಳನ್ನು ಕಳುಹಿಸಬೇಕು. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಸಂಖ್ಯೆ ಶುಲ್ಕವಿಲ್ಲದೆ ದೊರೆಯುತ್ತದೆ. ಪುಸ್ತಕರೂಪದ ವಿಶೇಷ ಪ್ರಕಟಣೆಗೆ ಇವೆರಡನ್ನೂ ಪಾಲಿಸಿದರೆ, ಮನೆಯ ಪ್ರತಿ ಕಳೆದರೂ ಪುಣೆಯ ಕನ್ನಡಿಗರ ಬರಹ ಎಲ್ಲೋ ಒಂದು ಕಪಾಟಿನಲ್ಲಿ ಉಳಿದಿರುತ್ತದೆ.

ಕೊನೆಯದಾಗಿ, ಒಳಗಿನ ವಿಷಯ. ಅಧ್ಯಕ್ಷರ ಸಂದೇಶಗಳೂ ಸಮಾರಂಭದ ಚಿತ್ರಗಳೂ ಒಂದು ವರ್ಷದಲ್ಲಿ ಹಳತಾಗುತ್ತವೆ. ಆದರೆ ಐವತ್ತು ವರ್ಷಗಳ ಹಿಂದೆ ಈ ನಗರಕ್ಕೆ ಬಂದ ಕುಟುಂಬಗಳ ನೆನಪುಗಳು, ಅಜ್ಜಿಯರು ಮಾಡುವ ಅಡುಗೆಯ ಕ್ರಮ, ಮನೆಮಾತಿನಲ್ಲಿ ಬೆರೆತುಹೋದ ಮರಾಠಿ ಕನ್ನಡ ಪದಗಳು, ಮಕ್ಕಳಿಗೊಂದು ಅಕ್ಷರಮಾಲೆಯ ಪುಟ, ಇಂಥವನ್ನು ಯಾರೂ ರದ್ದಿಗೆ ಹಾಕುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಸುಸ್ಥಿರವಾದದ್ದು ಮನೆಯವರು ತೆಗೆದಿಟ್ಟುಕೊಳ್ಳುವ ಪುಸ್ತಕ.

ವಿನ್ಯಾಸ ಕಲಿಯುತ್ತಿರುವ ಮಕ್ಕಳಿರುವ ಮನೆಗಳಲ್ಲಿ ಈ ವಿಷಯವನ್ನು ಪ್ರಸ್ತಾಪಿಸಬೇಕೆಂದು ನಮ್ಮ ಕೋರಿಕೆ. ಸಂಘಗಳ ಹಿರಿಯರಲ್ಲಿಯೂ ಒಂದು ವಿನಂತಿ: ಎಲ್ಲ ಲೇಖನಗಳೂ ಸಿದ್ಧವಾದ ಮೇಲೆ ‘ಚಂದ ಮಾಡಿ ಕೊಡಪ್ಪಾ’ ಎಂದು ಆ ಮಕ್ಕಳ ಕೈಗೆ ಒಪ್ಪಿಸುವ ಬದಲು, ಎಷ್ಟು ಪ್ರತಿ, ಯಾವ ಅಳತೆ, ಯಾವ ಕಾಗದ ಎಂದು ತೀರ್ಮಾನಿಸುವ ಮೊದಲ ಸಭೆಗೇ ಅವರನ್ನು ಕರೆಯಿರಿ. ಅವರ ಕಲಿಕೆ ಫಲಿಸುವುದು ಅಲ್ಲಿ. ನಮ್ಮ ಕಾಗದವೂ ಕನ್ನಡವೂ ಉಳಿಯುವುದು ಅಲ್ಲಿಯೇ.